ಇಷ್ಟು ನಯವಾದ ಹಾಡಿನಲ್ಲಿ ಏನಿದೆ ಎಂದು ಕೇಳುವವರಿಗೆ

"ಇಷ್ಟು ನಯವಾದ ಸಂಗೀತದಲ್ಲಿ ನಿಮಗೇನು ಸಿಗುತ್ತದೆ?" ಎಂಬ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿರುವ ನಮ್ಮ ಮನೆಗೆ ಹಬ್ಬದೂಟಕ್ಕೆ ಬಂದವರು ಕೇಳಿದ್ದಾರೆ, ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತವರು ಕೇಳಿದ್ದಾರೆ, ನನ್ನ ಮೇಜಿನ ಹತ್ತಿರ ಒಂದು ನಿಮಿಷ ನಿಂತು ಹೋದ ಸಹೋದ್ಯೋಗಿಗಳೂ ಕೇಳಿದ್ದಾರೆ. ಎಲ್ಲರ ಬೆರಳೂ ಒಂದೇ ಆಲ್ಬಮ್ಮಿನ ಕಡೆಗೆ. ಬಾಜ್ ಸ್ಕ್ಯಾಗ್ಸ್ ಎಂಬ ಗಾಯಕ 1976ರಲ್ಲಿ ಹೊರತಂದ 'ಸಿಲ್ಕ್ ಡಿಗ್ರೀಸ್' ಅದು. ಮೊದಮೊದಲು "ಕೇಳಿ ನೋಡಿ, ನಿಮಗೇ ಗೊತ್ತಾಗುತ್ತದೆ" ಎಂದು ನಗುತ್ತಾ ಹೇಳುತ್ತಿದ್ದೆ. ಯಾರೂ ಕೇಳಿ ನೋಡಲಿಲ್ಲ, ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ಹಾಗಾಗಿ ಸೌಜನ್ಯವನ್ನು ಪಕ್ಕಕ್ಕಿಟ್ಟು ಒಮ್ಮೆ ಬರೆದೇಬಿಡುತ್ತೇನೆ.

ನನಗೆ ಸಿಟ್ಟು ಬರುವುದು ಪ್ರಶ್ನೆಯಿಂದಲ್ಲ, ಅದರೊಳಗೆ ಕುಳಿತಿರುವ 'ನಯ' ಎಂಬ ಪದವನ್ನು ಜನ ಬಳಸುವ ಬಗೆಯಿಂದ. ಒಂದು ಯುಗಾದಿಯ ದಿನ ಒಬ್ಬ ಗೆಳೆಯರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಏನ್ರೀ ಇದು, ಹಲ್ಲಿನ ಡಾಕ್ಟರ ಹತ್ರ ಕಾಯ್ತಾ ಕೂತಾಗ ಹಾಕಿರ್ತಾರಲ್ಲ, ಅದಲ್ವಾ?" ಎಂದರು. ಊಟಕ್ಕೆ ಕುಳಿತಿದ್ದವರೆಲ್ಲ ನಕ್ಕರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ಈ ಆಲ್ಬಮ್ಮಿನ ಹಾಡುಗಳು ಐವತ್ತು ವರ್ಷಗಳಿಂದ ಅಮೆರಿಕದ ಅಂಗಡಿಗಳಲ್ಲಿ, ಲಿಫ್ಟುಗಳಲ್ಲಿ, ಕಾಯುವ ಕೋಣೆಗಳಲ್ಲಿ ಮೆಲ್ಲಗೆ ಕೇಳಿಬರುತ್ತಲೇ ಇವೆ. ಆದರೆ ಒಂದು ಹಾಡನ್ನು ಯಾರೋ ಸದ್ದು ತಗ್ಗಿಸಿ ಯಾವುದೋ ಗೋಡೆಯೊಳಗೆ ಇಟ್ಟರೆ ಅದಕ್ಕೆ ಹಾಡು ಹೇಗೆ ಹೊಣೆ? ದೇವಸ್ಥಾನದ ಮೈಕಿನಲ್ಲಿ ಬೆಳಗಿನ ಜಾವ ಒಡಕು ದನಿಯಲ್ಲಿ ಬರುತ್ತದೆಂದು ಸುಪ್ರಭಾತವನ್ನು ಯಾರೂ ಕೀಳಾಗಿ ಕಾಣುವುದಿಲ್ಲವಲ್ಲ.

ನಯವನ್ನು ಅನುಮಾನಿಸುವುದನ್ನು ನಮಗೆ ನಮ್ಮ ಭಾಷೆಯೇ ಕಲಿಸಿದೆಯೇನೋ. ನಯವಂಚಕ ಎಂಬ ಪದ ನಮ್ಮಲ್ಲಿದೆ, ಒರಟುವಂಚಕ ಎಂಬ ಪದವಿಲ್ಲ. ಒರಟಾಗಿ ಮಾತಾಡುವವನನ್ನು ಮನಸ್ಸು ಒಳ್ಳೆಯದು ಎಂದು ನಂಬುತ್ತೇವೆ, ನಯವಾಗಿ ಮಾತಾಡುವವನ ಎದುರು ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ. ಇದೇ ತೂಕವನ್ನು ಸಂಗೀತಕ್ಕೂ ಹಾಕಿ, ಗಂಟಲು ಹರಿಯುವಂತೆ ಕೂಗಿದವನಿಗೆ ನಿಜವಾದ ನೋವಿದೆ, ಮೆತ್ತಗೆ ಹಾಡಿದವನಿಗೆ ಹೇಳಲು ಏನೂ ಇಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ. ಕೈಯಾಡಿಸಿದರೆ ಎಲ್ಲಿಯೂ ಸಿಬಿರು ಚುಚ್ಚದ ಬಾಗಿಲನ್ನು ನೋಡಿ ಬಡಗಿ ಏನೂ ಕೆಲಸ ಮಾಡಿಲ್ಲ ಎನ್ನುವವರು ಉಂಟೇ? ಕೀಸುಳಿ ಎಷ್ಟು ಬಾರಿ ಓಡಿದೆಯೆಂಬುದಕ್ಕೆ ಆ ನುಣುಪೇ ಸಾಕ್ಷಿ.

ಸ್ಕ್ಯಾಗ್ಸ್ ಈ ನುಣುಪಿಗೆ ಒಂದೇ ದಿನದಲ್ಲಿ ಬಂದವನಲ್ಲ. 1944ರಲ್ಲಿ ಒಹಾಯೋ ರಾಜ್ಯದಲ್ಲಿ ಹುಟ್ಟಿ ಟೆಕ್ಸಸ್‌ನಲ್ಲಿ ಬೆಳೆದ ಆತನ ಮೊದಲ ಆಲ್ಬಮ್ ಹೊರಬಂದದ್ದು 1965ರಲ್ಲಿ, ಅದೂ ಸ್ವೀಡನ್ನಿನಲ್ಲಿ. 1969ರಲ್ಲಿ ಅಲಬಾಮಾದ ಮಸಲ್ ಶೋಲ್ಸ್‌ಗೆ ಹೋಗಿ, ಡುಆನ್ ಆಲ್‌ಮನ್‌ನ ಗಿಟಾರನ್ನು ಜೊತೆಗಿಟ್ಟುಕೊಂಡು, ಹನ್ನೆರಡು ನಿಮಿಷಕ್ಕೂ ಮೀರಿ ನಡೆಯುವ ಒಂದು ಬ್ಲೂಸ್, ಅಂದರೆ ಕಪ್ಪು ಜನರ ನೋವಿನ ಹಾಡು, ಹಾಡಿದ್ದಾನೆ. ಅಲ್ಲಿ ಗಿಟಾರ್ ಅಳುತ್ತದೆ, ಗಾಯಕ ಒರಲುತ್ತಾನೆ, ಕಿತ್ತುಹೋದ ಸಂಬಂಧವೊಂದು ಬೀದಿಗೆ ಬಂದು ನಿಲ್ಲುತ್ತದೆ. ನಯ ಬೇಡ ಎನ್ನುವವರಿಗೆ ಬೇಕಾದುದೆಲ್ಲ ಅದರಲ್ಲಿದೆ, ಆ ಆಲ್ಬಮ್ ಆಗ ಹೆಚ್ಚೇನೂ ಮಾರಾಟವಾಗಲಿಲ್ಲ. 'ಸಿಲ್ಕ್ ಡಿಗ್ರೀಸ್' ಆತನ ಏಳನೆಯ ಆಲ್ಬಮ್. ಹೀಗೆ ಕೂಗಬಲ್ಲವನೊಬ್ಬ ಕೂಗದೆ ಇರುವುದನ್ನು ಅಷ್ಟೂ ವರ್ಷ ಕಲಿತ ಮೇಲೆ ಹಾಡಿದ ಹತ್ತು ಹಾಡುಗಳು ಇವು. ಆತನ ಕಂಠ ದೊಡ್ಡದಲ್ಲ, ಸ್ವಲ್ಪ ಮೂಗಿನದು. ಊಟದ ಸಾಲಿನ ಕೊನೆಯಲ್ಲಿ ಕುಳಿತವನು ಪಕ್ಕದವನಿಗೆ ಮಾತ್ರ ಕೇಳುವಂತೆ ಏನೋ ಹೇಳುತ್ತಿರುವ ಹಾಗೆ ಹಾಡುತ್ತಾನೆ, ಮತ್ತು ಪಕ್ಕದವರು ಕಿವಿಗೊಡಲೇಬೇಕಾಗುತ್ತದೆ.

ಇನ್ನೊಂದು ಬಗೆಯ ಪ್ರಶ್ನೆಯನ್ನು ನಾನು ಗೌರವದಿಂದಲೇ ತೆಗೆದುಕೊಳ್ಳುತ್ತೇನೆ. ಈ ಆಲ್ಬಮ್ಮಿನ ಬೇರಾದ ಸೋಲ್ ಎಂಬುದು ಅಮೆರಿಕದ ಕಪ್ಪು ಜನರ ಸಂಗೀತ, ಅದನ್ನು ಅವರಿಂದಲೇ ಕೇಳದೆ ಒಬ್ಬ ಬಿಳಿಯನಿಂದ ಏಕೆ ಕೇಳುತ್ತೀರಿ ಎಂದು ಕೆಲವರು ಕೇಳುತ್ತಾರೆ. ಕಪ್ಪು ಕಲಾವಿದರು ಕಟ್ಟಿದ ಧ್ವನಿಯಿಂದ ಬಿಳಿಯರು ಹೆಚ್ಚು ಹಣ ಮಾಡಿದ ಕಥೆ ಆ ದೇಶದ ಸಂಗೀತದ ಉದ್ದಕ್ಕೂ ಇದೆ, ಅದು ಅನ್ಯಾಯವೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಈ ಆಲ್ಬಮ್ ತನ್ನ ಸಾಲವನ್ನು ಬಚ್ಚಿಟ್ಟಿಲ್ಲ. ಇದಕ್ಕೆ ಹಿಂದಿನ ಆಲ್ಬಮ್ಮನ್ನು ಸ್ಕ್ಯಾಗ್ಸ್ ಮಾಡಿದ್ದು ಕಪ್ಪು ಕಲಾವಿದರ ಹಾಡುಗಳಿಗೆ ಹೆಸರಾದ ಮೋಟೌನ್ ಸಂಸ್ಥೆಯಲ್ಲಿ ಪಳಗಿದ್ದ ಜಾನಿ ಬ್ರಿಸ್ಟಲ್ ಜೊತೆಗೆ. ಈ ಆಲ್ಬಮ್ಮಿನ ನಿರ್ಮಾಪಕ ಜೋ ವಿಸರ್ಟ್ ಅದಕ್ಕೂ ಮೊದಲು ಅರ್ತ್, ವಿಂಡ್ ಆಂಡ್ ಫೈರ್ ಎಂಬ ಕಪ್ಪು ಕಲಾವಿದರ ತಂಡದ ಆಲ್ಬಮ್ಮುಗಳನ್ನು ಮಾಡಿದ್ದವರು. ಎಲ್‌ಪಿ ತಟ್ಟೆಯ ಮೊದಲ ಬದಿಯ ನಾಲ್ಕನೆಯ ಹಾಡು ನ್ಯೂ ಆರ್ಲಿಯನ್ಸಿನ ಕಪ್ಪು ಸಂಗೀತಗಾರ ಅಲೆನ್ ಟೂಸಾನ್ ಬರೆದದ್ದು. ಎರಡನೆಯ ಬದಿಯ ಮೊದಲ ಹಾಡಾದ 'ಲೋಡೌನ್' ಮೇಲೆ ಕಂಪನಿಯವರಿಗೆ ವಿಶೇಷ ಭರವಸೆಯಿರಲಿಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ಕಪ್ಪು ಜನರ ಜನಪ್ರಿಯ ಸಂಗೀತವಾದ ರಿದಮ್ ಆಂಡ್ ಬ್ಲೂಸ್ ಹಾಕುತ್ತಿದ್ದ ಒಂದು ರೇಡಿಯೊ ಕೇಂದ್ರ ತನ್ನಷ್ಟಕ್ಕೆ ಅದನ್ನು ಹಾಕಲು ಶುರುಮಾಡಿತು, ಅಲ್ಲಿಂದ ಅದು ಹಬ್ಬಿತು. ಅಮೆರಿಕದ ಜನಪ್ರಿಯ ಹಾಡುಗಳನ್ನು ಸಾಲಾಗಿಡುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 3ನೆಯ ಸ್ಥಾನಕ್ಕೆ ಏರಿತು, 1977ರಲ್ಲಿ ಅತ್ಯುತ್ತಮ ರಿದಮ್ ಆಂಡ್ ಬ್ಲೂಸ್ ಹಾಡೆಂದು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಈ ಹಾಡನ್ನು ಮೊದಲು ಗುರುತಿಸಿದವರು, ನಾವು ಈಗ ಯಾರ ಪರವಾಗಿ ತಕರಾರು ಎತ್ತುತ್ತಿದ್ದೇವೋ ಅದೇ ಶ್ರೋತೃಗಳು. ಅವರ ಕಿವಿಯನ್ನು ನಾನು ನಂಬುತ್ತೇನೆ. ಕಪ್ಪು ಸೋಲ್ ಗಾಯಕರಾದ ಆಲ್ ಗ್ರೀನ್, ಬಿಲ್ ವಿದರ್ಸ್ ಇಬ್ಬರೂ ನನ್ನ ಕಪಾಟಿನ ಅದೇ ಸಾಲಿನಲ್ಲಿದ್ದಾರೆ. ಈ ಪ್ರಶ್ನೆ ಕೇಳಿದವರ ಮನೆಯಲ್ಲೂ ಇರಲಿ ಎಂದು ಆಸೆಪಡುತ್ತೇನೆ.

2005ರಲ್ಲಿ ಬಂದ ಒಂದು ಹಾಸ್ಯ ವಿಡಿಯೊ ಸರಣಿ ಈ ಕಾಲದ ಕ್ಯಾಲಿಫೋರ್ನಿಯಾ ಸಂಗೀತಕ್ಕೆಲ್ಲ 'ಯಾಟ್ ರಾಕ್' ಎಂದು ಹೆಸರಿಟ್ಟಿತು. ಶ್ರೀಮಂತರ ವಿಹಾರದೋಣಿಯಲ್ಲಿ ಗಾಳಿಗೆ ಮುಖವೊಡ್ಡಿ ಕುಳಿತು ಕೇಳುವ ಸಂಗೀತ ಎಂಬುದು ಅದರ ಭಾವ. ಆ ಹೆಸರಿನಿಂದ ಹೊಸ ಕೇಳುಗರು ಬಂದದ್ದು ನಿಜ, ಆದರೆ ಬಂದವರು ನಗಲು ಸಿದ್ಧರಾಗಿ ಬಂದರು. ಸಾವಧಾನವಾಗಿ ಒಮ್ಮೆ ಕೇಳಿದ್ದರೆ ಈ ಹಾಡುಗಳಲ್ಲಿ ವಿಹಾರ ಎಷ್ಟು ಕಡಿಮೆಯೆಂದು ತಿಳಿಯುತ್ತಿತ್ತು. 'ಲೋಡೌನ್' ಒಬ್ಬ ಗೆಳೆಯ ಇನ್ನೊಬ್ಬನಿಗೆ ಕೊಡುವ ಎಚ್ಚರಿಕೆ, ಹಣದ ಥಳುಕನ್ನು ನಂಬಿ ಮೋಸಹೋಗಬೇಡ ಎಂಬುದು ಅದರ ತಿರುಳು. ಅದರ ಮುಂದಿನ ಹಾಡು ಮುಗಿದುಹೋದ ಪ್ರೀತಿಯದು. ಮೊದಲ ಬದಿಯನ್ನು ಮುಗಿಸುವ 'ಹಾರ್ಬರ್ ಲೈಟ್ಸ್' ಮನೆಬಿಟ್ಟು ಅಲೆದವನ ಹಾಡು. ವಿಳಂಬದಲ್ಲಿ ಸಾಗುತ್ತಾ ಬಂದು ಕೊನೆಯಲ್ಲಿ ಇದ್ದಕ್ಕಿದ್ದಂತೆ ದುಪ್ಪಟ್ಟು ವೇಗ ಪಡೆದು, ಲ್ಯಾಟಿನ್ ನಡಿಗೆಯಲ್ಲಿ ಕೈತಪ್ಪಿ ಓಡಿಹೋಗುವ ಅದನ್ನು ಕೇಳುವಾಗಲೆಲ್ಲ, ಹೊರಟುಹೋದ ಹಡಗನ್ನು ದಡದಲ್ಲಿ ನಿಂತು ನೋಡಿದಂತಾಗುತ್ತದೆ. ಇಂಥ ಸಂಕಟವನ್ನು ಅರಚದೆ ಹೇಳಿದ್ದಾನೆಂದು ಅದು ಸಂಕಟವೇ ಅಲ್ಲವೆನ್ನಬೇಕೇ?

ನನಗೆ ಬೇಕಾದ ಪ್ರಶ್ನೆಯನ್ನು ಈ ಇಪ್ಪತ್ತು ವರ್ಷಗಳಲ್ಲಿ ಒಬ್ಬರು ಮಾತ್ರ ಕೇಳಿದ್ದಾರೆ. ನನ್ನ ಹೆಂಡತಿಯ ಸೋದರಮಾವ ಮೈಸೂರಿನಿಂದ ಬಂದು ನಮ್ಮೊಂದಿಗೆ ಕೆಲವು ತಿಂಗಳು ಇದ್ದರು. ನಲವತ್ತು ವರ್ಷ ಮೃದಂಗ ನುಡಿಸಿದವರು. ಇಂಗ್ಲಿಷ್ ಹಾಡುಗಳ ಬಗ್ಗೆ ಅವರಿಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಎರಡನೆಯ ಬದಿಯನ್ನು ಹಾಕಿ ಕಾಫಿ ಮಾಡಲು ಒಳಗೆ ಹೋದೆ. ಹೊರಬಂದಾಗ ಮಾವ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಕುಳಿತಿದ್ದರು. ಹಾಡು ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ, "ಏನಳಿಯಂದ್ರೆ, ಈ ಲಯ ಹಿಡಿದಿರೋನು ಯಾರು? ಎಷ್ಟು ನೆಮ್ಮದಿಯಾಗಿ ಹೋಗ್ತಿದಾನೆ, ಒಂದು ಕೂದಲೆಳೆ ಅತ್ತಿತ್ತ ಇಲ್ಲ" ಎಂದರು.

ಇದು ಪ್ರಶ್ನೆ! ಲಯ ಹಿಡಿದಿದ್ದವನು ಜೆಫ್ ಪೊರ್ಕಾರೊ. 1954ರಲ್ಲಿ ಹುಟ್ಟಿದವನು, ಈ ಹಾಡುಗಳನ್ನು ಧ್ವನಿಮುದ್ರಿಸುವಾಗ ಇಪ್ಪತ್ತೊಂದರ ಆಸುಪಾಸಿನ ಹುಡುಗ. ಕೀಬೋರ್ಡಿನಲ್ಲಿದ್ದ ಡೇವಿಡ್ ಪೇಚ್ ಕೂಡ ಅದೇ ವರ್ಷ ಹುಟ್ಟಿದವನು. 'ಲೋಡೌನ್' ಸೇರಿದಂತೆ ಹಲವು ಹಾಡುಗಳನ್ನು ಸ್ಕ್ಯಾಗ್ಸ್ ಜೊತೆ ಕೂಡಿ ಬರೆದವನೂ ಅವನೇ. ಬೇಸ್ ಗಿಟಾರ್ ನುಡಿಸಿದವನು ಡೇವಿಡ್ ಹಂಗೇಟ್. ಆಲ್ಬಮ್ ಹೊರಬಂದ ಮರುವರ್ಷ ಈ ಮೂವರೂ ಬೇರೆ ಗೆಳೆಯರೊಂದಿಗೆ ಸೇರಿ ಟೋಟೋ ಎಂಬ ತಂಡ ಕಟ್ಟಿ ಜಗತ್ಪ್ರಸಿದ್ಧರಾದರು. ಆದರೆ ನನ್ನ ಮಟ್ಟಿಗೆ ಅವರು ಇಲ್ಲಿ ನುಡಿಸಿದಷ್ಟು ಚೆನ್ನಾಗಿ ಆಮೇಲೆ ನುಡಿಸಲಿಲ್ಲ. ಕಾರಣವೂ ಗೊತ್ತಿದೆ ಎಂದುಕೊಂಡಿದ್ದೇನೆ. ಇಲ್ಲಿ ಅವರು ಪಕ್ಕವಾದ್ಯದವರು, ಮುಂದೆ ಕುಳಿತವನು ಪೊರ್ಕಾರೊ, ಪೇಚ್ ಇಬ್ಬರಿಗಿಂತ ಹತ್ತು ವರ್ಷ ದೊಡ್ಡವನು, ಬ್ಲೂಸಿನಲ್ಲಿ ನೊಂದು ಬೆಂದವನು. ಹುಡುಗರ ಕೈಚಳಕ ಆ ಅನುಭವಕ್ಕೆ ತಲೆಬಾಗಿ ನಡೆಯುತ್ತದೆ.

ಮಾವನಿಗೆ ಹೈ-ಹ್ಯಾಟ್ ಎಂದರೇನೆಂದು ವಿವರಿಸಿದೆ. ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಾಳ, ಮೇಲಿನಿಂದ ಕಡ್ಡಿಯಲ್ಲಿ ಬಾರಿಸುವುದು. 'ಲೋಡೌನ್' ಹಾಡಿನಲ್ಲಿ ಅಂಥವು ಎರಡು ಕೇಳಿಸುತ್ತವೆ, ಎರಡನ್ನೂ ನುಡಿಸಿದವನು ಒಬ್ಬನೇ. ಮೊದಲು ಡ್ರಮ್ಸ್ ನುಡಿಸಿದ ಮೇಲೆ, ಚತುರಶ್ರದ ನಾಲ್ಕೂ ಎಣಿಕೆಗಳನ್ನು ಒಂದೇ ಸಮನೆ ಹೇಳುವ ಇನ್ನೊಂದು ಹೈ-ಹ್ಯಾಟನ್ನು ಅದರ ಮೇಲೆ ಕೂಡಿಸಲಾಯಿತು. ಮಾವ ಮತ್ತೊಮ್ಮೆ ಹಾಕಿಸಿಕೊಂಡು ಎರಡೂ ಕೈಗಳಿಂದ ಎರಡನ್ನೂ ಬೇರೆ ಬೇರೆಯಾಗಿ ಹಿಡಿದು ನೋಡಿದರು. ಬೇಸ್ ನುಡಿಸುವವನು ತಂತಿಯನ್ನು ಎಳೆದುಬಿಟ್ಟು ಒಂದು ಸ್ವರ ಹಾರಿಸಿ ತಕ್ಷಣ ಸುಮ್ಮನಾಗುವುದನ್ನು, ಆ ಬಿಡುವಿನಲ್ಲಿ ಕೊಳಲು ಬಂದು ಎರಡು ಮಾತಾಡಿ ಹೋಗುವುದನ್ನು, ಹಾಡುಗಾರ ಸಾಲನ್ನು ಒಂದಿಷ್ಟು ತಡೆದು ಎತ್ತಿಕೊಳ್ಳುವುದನ್ನು ಅವರೇ ನನಗೆ ತೋರಿಸಿದರು. "ಎಲ್ಲರಿಗೂ ನುಡಿಸೋಕೆ ಬರುತ್ತೆ, ಆದ್ರೂ ಯಾರೂ ಮೇಲೆ ಬೀಳ್ತಾ ಇಲ್ಲ" ಎಂದರು. ಹಲ್ಲಿನ ಡಾಕ್ಟರ ಮಾತು ತೆಗೆದ ಗೆಳೆಯರಿಗೆ ನಾನು ಅರ್ಧ ಗಂಟೆ ವಾದಿಸಿಯೂ ಮುಟ್ಟಿಸಲಾಗದೆ ಹೋದದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿದ್ದರು. ಈ ಹಾಡುಗಳು ಹಳತಾಗದೆ ಉಳಿದಿರುವುದಕ್ಕೆ ನಾನು ಕಂಡ ಕಾರಣವೂ ಅಷ್ಟೇ: ಸದ್ದಿನ ನಡುವೆ ಅವರು ಬಿಟ್ಟ ಜಾಗ ಇನ್ನೂ ಖಾಲಿಯಾಗಿದೆ, ಪ್ರತಿ ಬಾರಿ ಕೇಳುವಾಗಲೂ ನನಗೆ ಅಲ್ಲಿ ಕುಳಿತುಕೊಳ್ಳಲು ಎಡೆಯಿದೆ.

ಮಾರಾಟದ ಲೆಕ್ಕ ಕೇಳುವವರೂ ಇದ್ದಾರೆ. ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 2ನೆಯ ಸ್ಥಾನದವರೆಗೆ ಹೋಯಿತು, 115 ವಾರ ಪಟ್ಟಿಯಲ್ಲಿತ್ತು, ಅಮೆರಿಕದಲ್ಲಿ 50 ಲಕ್ಷ ಪ್ರತಿಗಳಿಗೆ ಪ್ಲಾಟಿನಮ್ ಮನ್ನಣೆ ಪಡೆಯಿತು. ಮುಖಪುಟದಲ್ಲಿ ಸಮುದ್ರದ ಪಕ್ಕದ ಬೆಂಚಿನ ಮೇಲೆ ಸ್ಕ್ಯಾಗ್ಸ್ ಮುಖ ತಗ್ಗಿಸಿ ಕುಳಿತಿದ್ದಾನೆ, ಅಂಚಿನಲ್ಲಿ ಕೆಂಪು ಉಗುರಿನ ಒಂದು ಹೆಣ್ಣಿನ ಕೈ ಮಾತ್ರ ಕಾಣುತ್ತದೆ. ಮನೆಗೆ ಬಂದವರು ಸಂಗೀತದ ಬಗ್ಗೆ ಕೇಳುವುದಕ್ಕಿಂತ ಆ ಕೈ ಯಾರದ್ದೆಂದು ಹೆಚ್ಚು ಕೇಳಿದ್ದಾರೆ. ಆಕೆ ಬರುತ್ತಿದ್ದಾಳೋ ಹೋಗುತ್ತಿದ್ದಾಳೋ ಎಂದು ಕೇಳಿದ್ದರೆ ಇಡೀ ಆಲ್ಬಮ್ಮಿನ ಬಗ್ಗೆ ಮಾತಾಡಬಹುದಿತ್ತು.

ಕೊನೆಯ ಹಾಡು 'ವಿ ಆರ್ ಆಲ್ ಅಲೋನ್'. ಗಾಯಕಿ ರೀಟಾ ಕೂಲಿಜ್ 1977ರಲ್ಲಿ ಹಾಡಿದ್ದನ್ನು ಹೆಚ್ಚು ಜನ ಬಲ್ಲರು, ಆದರೆ ಅದು ಮೊದಲು ಇಲ್ಲಿಯದು. ಮಾವ ಅದರ ಹೆಸರಿನ ಅರ್ಥ ಕೇಳಿದಾಗ ನಾನು ತಡವರಿಸಿದೆ. 'ಇಲ್ಲಿ ನಾವಿಬ್ಬರೇ ಇದ್ದೇವೆ' ಎಂದು ಪ್ರೇಮಿಗಳು ಹೇಳಿಕೊಳ್ಳುವ ಮಾತು ಅದು, 'ನಾವೆಲ್ಲರೂ ಒಂಟಿಗಳೇ' ಎಂಬ ಮಾತೂ ಅದೇ. ಕನ್ನಡದಲ್ಲಿ ಹೇಳಬೇಕಾದರೆ ಎರಡರಲ್ಲಿ ಒಂದನ್ನು ಬಿಡಬೇಕು. ಇಂಗ್ಲಿಷಿನಲ್ಲಿ ಆತ ಎರಡನ್ನೂ ಬಿಡದೆ, ಪಿಯಾನೊ ಮತ್ತು ಪಿಟೀಲುಗಳ ಮೆತ್ತನೆಯ ಹಾಸಿನ ಮೇಲೆ, ಯಾವುದನ್ನು ಹೇಳುತ್ತಿದ್ದೇನೆಂದು ಒತ್ತಿ ಹೇಳದೆ ಹಾಡಿ ಮುಗಿಸುತ್ತಾನೆ. ಒರಟಾಗಿ ಹಾಡಿದ್ದರೆ ಒಂದು ಅರ್ಥ ಮಾತ್ರ ಉಳಿಯುತ್ತಿತ್ತು.

ಇಷ್ಟು ಓದಿದ ಮೇಲೂ ಕೇಳಬೇಕೆನಿಸಿದರೆ ಮನೆಗೆ ಬನ್ನಿ. ಎರಡನೆಯ ಬದಿಯಿಂದ ಶುರುಮಾಡುತ್ತೇನೆ, ಐದು ಹಾಡು ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ. ಬದಿ ತಿರುಗಿಸುವಾಗ ಕಾಫಿ ಕೊಡುತ್ತೇನೆ.