ಮನೆ ನಮ್ಮದು, ನೆಲ ಊರಿನದು

ಪಕ್ಕದ ಮನೆಯ ಹುಡುಗಿ ನಮ್ಮ ಮಗನ ಜೊತೆ ತಮ್ಮ ಹಿತ್ತಲಲ್ಲಿ ಮಣ್ಣು ಅಗೆಯುತ್ತಿದ್ದವಳು ಇದ್ದಕ್ಕಿದ್ದಂತೆ ಗುದ್ದಲಿ ಕೆಳಗಿಟ್ಟು, "ಇಷ್ಟು ಸಾಕು, ಮನೆ ಮಾತ್ರ ನಮ್ಮದು, ಅದರ ಕೆಳಗಿನ ನೆಲ ನಮ್ಮದಲ್ಲ, ಊರಿನದು" ಎಂದು ಬಹಳ ಗಂಭೀರವಾಗಿ ಹೇಳಿದಳಂತೆ. ಮಗ ಓಡಿ ಬಂದು, "ಅಮ್ಮ, ನಮ್ಮ ನೆಲ ಯಾರದು?" ಎಂದು ಕೇಳಿದ. "ಸದ್ಯಕ್ಕೆ ಬ್ಯಾಂಕಿನದು" ಎಂದು ಅವರಪ್ಪ ಉತ್ತರ ಕೊಟ್ಟು ಮುಗಿಸಿದರು. ನನಗೆ ಮಾತ್ರ ಆ ಹುಡುಗಿಯ ಮಾತು ಅಲ್ಲಿಗೇ ಮುಗಿಯಲಿಲ್ಲ. ಸ್ವಂತ ಮನೆ ಎಂದರೆ ಮೊದಲು ಸೈಟು, ಆಮೇಲೆ ಮನೆ ಎಂದು ತಿಳಿದು ಬೆಳೆದ ಮೈಸೂರಿನವಳಿಗೆ, ನೆಲವಿಲ್ಲದ ಸ್ವಂತ ಮನೆ ಎಂಬುದೇ ಅರ್ಥವಾಗದ ಸಂಗತಿ.

ಆ ಹುಡುಗಿಯ ತಾಯಿ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಮಾಡುವ ಸಹಾಯಕಿ. ವಯಸ್ಸಾದ ತನ್ನ ತಾಯಿಯ ಊರಿಗೆ ಹೋಗಿ ನೆಲೆಸಬೇಕೆಂದು ಈಗ ಈ ಮನೆಯನ್ನು ಮಾರುತ್ತಿದ್ದಾಳೆ. ಅವಳ ಅಡುಗೆಮನೆಯ ಮೇಜಿನ ಮೇಲೆ ಗುತ್ತಿಗೆ ಪತ್ರ ಬಿಚ್ಚಿಕೊಂಡಿತ್ತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಕೂಡಿ ಕಳೆದು, ಅಳಿಸಿ, ಮತ್ತೆ ಬರೆದ ಲೆಕ್ಕಗಳಿದ್ದವು. ಇಲ್ಲಿ ಬರ್ಲಿಂಗ್ಟನ್‌ನಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಈ ಸರೋವರದ ದಡದ ಊರಿನಲ್ಲಿ, ಶಾಂಪ್ಲೇನ್ ಹೌಸಿಂಗ್ ಟ್ರಸ್ಟ್ ಎಂಬ ಲಾಭರಹಿತ ಸಂಸ್ಥೆಯಿದೆ. ಬರ್ನಿ ಸ್ಯಾಂಡರ್ಸ್ ಮೇಯರ್ ಆಗಿದ್ದ ಕಾಲದಲ್ಲಿ, 1984ರಲ್ಲಿ, ನಗರಸಭೆ ಕೊಟ್ಟ ಎರಡು ಲಕ್ಷ ಡಾಲರುಗಳ ಮೂಲಧನದಿಂದ ಆರಂಭವಾದ ಭೂ ಟ್ರಸ್ಟ್ 2006ರಲ್ಲಿ ಇನ್ನೊಂದು ವಸತಿ ಸಂಸ್ಥೆಯೊಡನೆ ವಿಲೀನವಾಗಿ ಈ ಹೆಸರು ಪಡೆಯಿತು. ಇಂಥ ಟ್ರಸ್ಟುಗಳ ಮೂಲ ಪದ್ಧತಿ ಸರಳವಾದದ್ದು. ನೆಲ ಟ್ರಸ್ಟಿನ ಹೆಸರಿನಲ್ಲೇ ಶಾಶ್ವತವಾಗಿ ಉಳಿಯುತ್ತದೆ, ಕಟ್ಟಡವನ್ನಷ್ಟೇ ಕುಟುಂಬ ಕೊಳ್ಳುತ್ತದೆ, ನೆಲಕ್ಕೆ ಸಾಮಾನ್ಯವಾಗಿ 99 ವರ್ಷಗಳ ಗುತ್ತಿಗೆ ಬರೆದು ತಿಂಗಳಿಗೆ ಅಲ್ಪ ಮೊತ್ತವನ್ನು ಕಟ್ಟುತ್ತದೆ. ನೆಲದ ಬೆಲೆ ಲೆಕ್ಕದಿಂದ ಹೊರಗುಳಿಯುವುದರಿಂದ, ಮಾರುಕಟ್ಟೆಯಲ್ಲಿ ಎಂದಿಗೂ ಎಟುಕದಿದ್ದ ಮನೆ ಆಸ್ಪತ್ರೆಯ ಸಹಾಯಕಿಯ ಸಂಬಳಕ್ಕೂ ಎಟುಕುತ್ತದೆ. ಮನೆ ಮಕ್ಕಳಿಗೆ ಆಸ್ತಿಯಾಗಿ ಹೋಗುತ್ತದೆ, ಗೋಡೆಗೆ ಯಾವ ಬಣ್ಣ ಬಳಿಯಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ; ಆದರೆ ಮನೆಯಲ್ಲಿ ತಾವೇ ವಾಸಿಸಬೇಕು, ಬಾಡಿಗೆಗೆ ಕೊಟ್ಟು ಬೇರೆಡೆ ಹೋಗುವಂತಿಲ್ಲ.

ಮಾರುವಾಗಲೂ ಒಂದು ಷರತ್ತಿದೆ, ಅವಳ ಪೆನ್ಸಿಲಿನ ಲೆಕ್ಕವೆಲ್ಲ ಅದನ್ನು ಕುರಿತದ್ದೇ. ತಾನು ತೀರಿಸಿದ ಸಾಲದ ಅಸಲು ಅವಳಿಗೆ ಹಿಂದಿರುಗುತ್ತದೆ. ಆದರೆ ಬೆಲೆ ಏರಿದ್ದರಲ್ಲಿ ಅವಳ ಪಾಲು ಕಾಲುಭಾಗ ಮಾತ್ರ. ಮನೆಯ ಬೆಲೆ 80,000 ಡಾಲರ್ ಏರಿದ್ದರೆ ಅವಳಿಗೆ ಸಿಗುವುದು 20,000. ಉಳಿದದ್ದು ಮನೆಯಲ್ಲೇ ಉಳಿದು, ಮುಂದೆ ಬರುವ ಕುಟುಂಬಕ್ಕೆ ಬೆಲೆಯನ್ನು ತಗ್ಗಿಸುತ್ತದೆ. "ಇದು ಅನ್ಯಾಯವಲ್ಲವೇ?" ಎಂದು ಕೇಳಿದೆ. ಅವಳು ಮುಖ ನೋಡಿ ನಕ್ಕಳು. "ನನಗಿಂತ ಮೊದಲು ಇಲ್ಲಿದ್ದವರು ಮುಕ್ಕಾಲು ಬಿಟ್ಟುಕೊಟ್ಟಿದ್ದರು. ಅವರು ಪೂರ್ತಿ ತೆಗೆದುಕೊಂಡಿದ್ದರೆ ನಾನು ಈ ಅಡುಗೆಮನೆಯಲ್ಲಿ ಕುಳಿತು ನಿಮಗೆ ಕಾಫಿ ಕೊಡುತ್ತಿರಲಿಲ್ಲ" ಎಂದಳು.

ನನ್ನ ಪ್ರಶ್ನೆ ಅರ್ಥವಿಲ್ಲದ್ದೇನೂ ಅಲ್ಲ. ಶ್ರೀಮಂತರ ಮನೆಯ ಬೆಲೆ ಎಷ್ಟೇ ಏರಿದರೂ ಅದು ಅವರದ್ದೇ ಆಗಿರುವ ಸಮಾಜದಲ್ಲಿ, ಕಡಿಮೆ ಆದಾಯದವರು ಮಾತ್ರ ಏಕೆ ಏರಿಕೆಯನ್ನು ಬಿಟ್ಟುಕೊಡಬೇಕು ಎಂದು ಇಲ್ಲಿಯವರೂ ವಾದಿಸುತ್ತಾರೆ, ಆ ವಾದದಲ್ಲಿ ಹುರುಳಿದೆ. ಅದಕ್ಕೆ ಎದುರಾಗಿ ನಿಲ್ಲುವ ಸಂಗತಿಯೂ ಒಂದಿದೆ: 2008ರ ನಂತರ ಅಮೆರಿಕದಾದ್ಯಂತ ಸಾಲ ಕಟ್ಟಲಾಗದೆ ಜನ ಮನೆ ಕಳೆದುಕೊಳ್ಳುತ್ತಿದ್ದಾಗ, ಭೂ ಟ್ರಸ್ಟುಗಳ ಮನೆಗಳಲ್ಲಿ ಹಾಗಾದದ್ದು ಹಲವು ಪಟ್ಟು ಕಡಿಮೆ. ಕಂತು ತಪ್ಪುವ ಸೂಚನೆ ಕಂಡೊಡನೆ ಟ್ರಸ್ಟಿನವರು ಬ್ಯಾಂಕಿನೊಡನೆ ಮಾತಿಗೆ ಕೂರುತ್ತಿದ್ದರು, ಮೊದಲಿಗೇ ಹೊರಲಾರದ ಸಾಲಕ್ಕೆ ಸಹಿ ಹಾಕಲು ಬಿಡುತ್ತಿರಲಿಲ್ಲ.

ನೆರವು ಎಷ್ಟು ಎನ್ನುವುದಕ್ಕಿಂತ ಅದು ಯಾವಾಗ ಮುಗಿಯುತ್ತದೆ ಎಂದು ನೋಡುವ ಅಭ್ಯಾಸ ನನಗೆ ಅಂದಿನಿಂದ ಬಂದಿದೆ. ಅಮೆರಿಕದಲ್ಲಿ ಕಡಿಮೆ ಬಾಡಿಗೆಯ ಮನೆಗಳು ಹೆಚ್ಚಾಗಿ ಕಟ್ಟಲ್ಪಡುವುದು 1986ರ ತೆರಿಗೆ ಕಾಯ್ದೆ ತಂದ ವ್ಯವಸ್ಥೆಯಿಂದ. ಖಾಸಗಿ ಕಂಪನಿಗಳು ಬಂಡವಾಳ ಹಾಕುತ್ತವೆ, ಪ್ರತಿಯಾಗಿ ಅವುಗಳಿಗೆ ಹತ್ತು ವರ್ಷ ತೆರಿಗೆಯಲ್ಲಿ ಕಡಿತ ಸಿಗುತ್ತದೆ, ಬಾಡಿಗೆ ಕಡಿಮೆಯಿರಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ 30 ವರ್ಷ ಇರುತ್ತದೆ. ಅವಧಿ ಮುಗಿದ ಕಟ್ಟಡವನ್ನು ಮಾಲೀಕರು ಮಾರುಕಟ್ಟೆಯ ಬಾಡಿಗೆಗೆ ಏರಿಸಬಹುದು. ಆಗ ಅಲ್ಲಿ ವಯಸ್ಸಾದವರು ಗಂಟುಮೂಟೆ ಕಟ್ಟಬೇಕಾಗುತ್ತದೆ. ಮೂವತ್ತು ವರ್ಷ ದೀರ್ಘವೆನಿಸುತ್ತದೆ, ಆದರೆ ಅದು ಒಂದು ತಲೆಮಾರು ಮಾತ್ರ.

ನಮ್ಮಲ್ಲಿ ಅದಕ್ಕೂ ಕಡಿಮೆ. ನಗರಾಭಿವೃದ್ಧಿ ಪ್ರಾಧಿಕಾರದ ಸೈಟು ಮಂಜೂರಾದವರಿಗೆ ಲೀಸ್ ಕಂ ಸೇಲ್ ಎಂದು ಹತ್ತು ವರ್ಷ ಮಾರದಂತೆ ಷರತ್ತು ಹಾಕುವುದು ಎಲ್ಲರಿಗೂ ಗೊತ್ತು, ಆ ಷರತ್ತನ್ನು ಜಿಪಿಎ ಎಂಬ ಅಧಿಕಾರಪತ್ರ ಬರೆದುಕೊಟ್ಟು ದಾಟುವುದೂ ಎಲ್ಲರಿಗೂ ಗೊತ್ತು. ಶಾಲಾ ಮೇಷ್ಟರಾಗಿದ್ದ ನಮ್ಮ ತಂದೆ ಒಂದು ಗೃಹ ನಿರ್ಮಾಣ ಸಹಕಾರ ಸಂಘಕ್ಕೆ ಕಂತು ಕಟ್ಟುತ್ತಿದ್ದ ಕಾಲ ನನಗೆ ನೆನಪಿದೆ. ಹಳದಿ ರಸೀದಿಗಳನ್ನು ಅವರು ದಾರದಲ್ಲಿ ಪೋಣಿಸಿ ಗೋಡೆಯ ಮೊಳೆಗೆ ತೂಗುಹಾಕಿದ್ದರು. ಕಡೆಗೆ ಸೈಟು ಬಂತು, ಮನೆಯೂ ಆಯಿತು. ಆದರೆ ಅವರ ಜೊತೆ ಕಂತು ಕಟ್ಟಿದವರಲ್ಲಿ ಹಲವರು ಸೈಟನ್ನು ಮನೆಗಾಗಿ ಅಲ್ಲ, ಮಗಳ ಮದುವೆಗೆ ಮಾರಲೆಂದೇ ತೆಗೆದುಕೊಂಡಿದ್ದರು. ಅವರನ್ನು ದೂರುವುದು ಹೇಗೆ? ಕಡಿಮೆ ಸಂಬಳದವನ ಕೈಗೆ ಬಂದ ಒಂದೇ ಒಂದು ಬೆಲೆಯುಳ್ಳ ವಸ್ತು ಅದು. ತಪ್ಪು, ಕೊಟ್ಟ ನೆರವು ಮೊದಲ ಮಾರಾಟದಲ್ಲೇ ಕರಗಿಹೋಗುವಂತೆ ರೂಪಿಸಿದ ವ್ಯವಸ್ಥೆಯದು. ಸಂಘಗಳ ಹೆಸರಿನಲ್ಲಿ ರೈತರ ಜಮೀನು ಮಧ್ಯವರ್ತಿಗಳ ಮೂಲಕ ಕೈಬದಲಾದ ಪರಿ ಎಷ್ಟಿತ್ತೆಂದರೆ, ಬೆಂಗಳೂರಿನ ಇಂಥ ಒಂದು ಸಂಘಕ್ಕಾಗಿ ಮಾಡಿದ್ದ ಭೂಸ್ವಾಧೀನ ರದ್ದಾದದ್ದನ್ನು 1995ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಬೇಕಾಯಿತು.

ಈ ಭೂ ಟ್ರಸ್ಟಿನ ಕಲ್ಪನೆ ಎಲ್ಲಿಂದ ಬಂತೆಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ನನ್ನನ್ನು ದಂಗುಬಡಿಸಿತು. ಅಮೆರಿಕದ ಮೊದಲ ಭೂ ಟ್ರಸ್ಟ್ ಹುಟ್ಟಿದ್ದು 1969ರಲ್ಲಿ, ಜಾರ್ಜಿಯಾ ರಾಜ್ಯದ ಲೀ ಕೌಂಟಿಯಲ್ಲಿ. ಮತದಾರರ ಪಟ್ಟಿಗೆ ಹೆಸರು ಸೇರಿಸಿದ ತಪ್ಪಿಗೆ ಕಪ್ಪು ಜನರನ್ನು ಅವರು ಗೇಣಿಗೆ ಉಳುತ್ತಿದ್ದ ಜಮೀನಿನಿಂದ ಒಕ್ಕಲೆಬ್ಬಿಸುತ್ತಿದ್ದ ದಿನಗಳವು. ಚಾರ್ಲ್ಸ್ ಶೆರಾಡ್, ಸ್ಲೇಟರ್ ಕಿಂಗ್ ಮೊದಲಾದ ಹೋರಾಟಗಾರರು, ಯಾರೂ ಎಬ್ಬಿಸಲಾಗದ ನೆಲವೊಂದು ಬೇಕೆಂದು ಸುಮಾರು 5,700 ಎಕರೆ ಕೊಂಡು ನ್ಯೂ ಕಮ್ಯುನಿಟೀಸ್ ಎಂಬ ಆ ಟ್ರಸ್ಟನ್ನು ಸ್ಥಾಪಿಸಿದರು. ಅವರ ಜೊತೆಗಿದ್ದ ರಾಬರ್ಟ್ ಸ್ವಾನ್ ಎಂಬ ಶಾಂತಿವಾದಿಗೆ ಮಾದರಿಗಳಲ್ಲಿ ಒಂದಾಗಿದ್ದದ್ದು ವಿನೋಬಾ ಭಾವೆಯವರ ಗ್ರಾಮದಾನ, ಜಮೀನಿನ ಒಡೆತನವನ್ನು ಊರಿಗೇ ಬಿಟ್ಟುಕೊಡುವ ಚಳವಳಿ. ಬರಗಾಲದಲ್ಲಿ ಸರ್ಕಾರಿ ಸಾಲ ಸಕಾಲಕ್ಕೆ ಸಿಗದೆ ಆ ಜಮೀನು 1985ರಲ್ಲಿ ಕೈತಪ್ಪಿತು. ಸಾಲ ಕೊಡುವಲ್ಲಿ ಸರ್ಕಾರ ಮಾಡಿದ ತಾರತಮ್ಯದ ಮೊಕದ್ದಮೆಯಲ್ಲಿ 2009ರಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರ್ ಪರಿಹಾರ ಬಂದಾಗ ಅವರು ಕೊಂಡದ್ದು, ಒಂದು ಕಾಲಕ್ಕೆ ಗುಲಾಮರನ್ನು ದುಡಿಸಿಕೊಂಡಿದ್ದ ಜಮೀನ್ದಾರನ ತೋಟವನ್ನು. ಪಕ್ಕದ ಸಮ್ಟರ್ ಕೌಂಟಿಯಲ್ಲೇ 1976ರಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಹುಟ್ಟಿತು ಎಂಬುದನ್ನೂ ಇಲ್ಲಿ ಹೇಳಬೇಕು. ಮನೆ ಪಡೆಯುವವರೂ ಇಟ್ಟಿಗೆ ಹೊತ್ತು ದುಡಿಯಬೇಕೆನ್ನುವ ಆ ಸಂಸ್ಥೆಯ ಕೆಲಸಕ್ಕೆ 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನಮ್ಮ ಲೋಣಾವಳದ ಹತ್ತಿರವೂ ಬಂದು ಸುತ್ತಿಗೆ ಹಿಡಿದಿದ್ದರು.

ವಿನೋಬಾರ ಹೆಸರು ಓದಿದೊಡನೆ ನನ್ನ ಮನಸ್ಸು ಹೋದದ್ದು ಮೈಸೂರಿನ ಹುಣಸೂರು ರಸ್ತೆಗೆ. ಗ್ರಾಮದಾನದ ಬಗ್ಗೆ ನೆಹರೂ ಮೊದಲುಗೊಂಡು ಕಮ್ಯುನಿಸ್ಟರವರೆಗೆ ಬೇರೆ ಬೇರೆ ಪಕ್ಷಗಳ ನಾಯಕರು ವಿನೋಬಾರೊಡನೆ ಒಟ್ಟಿಗೆ ಕುಳಿತು ಸಹಮತಕ್ಕೆ ಬಂದದ್ದು 1957ರ ಸೆಪ್ಟೆಂಬರಿನಲ್ಲಿ, ನಮ್ಮ ಇಲವಾಲದಲ್ಲಿ. ಆ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಓಡಾಡಿದವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಕಿಟಕಿಯಿಂದ ಕಂಡದ್ದು ಬಡಾವಣೆಗಳ ಕಮಾನುಗಳು, ಸೈಟುಗಳ ಫಲಕಗಳು. ಗ್ರಾಮದಾನದಲ್ಲಿ ಘೋಷಣೆಯಾದ ಊರುಗಳೆಷ್ಟೋ, ಕಾಗದಪತ್ರಗಳಲ್ಲಿ ನೆಲೆಯೂರಿದವು ಬಹಳ ಕಡಿಮೆ. ಅಮೆರಿಕದವರು ಅದೇ ಆದರ್ಶವನ್ನು ವಕೀಲರ ಕೈಗೆ ಕೊಟ್ಟು, ನೋಂದಾಯಿತ ಗುತ್ತಿಗೆ ಪತ್ರದ ಷರತ್ತಾಗಿ ಬರೆಸಿದರು. ಈಗ ಈ ದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಭೂ ಟ್ರಸ್ಟುಗಳಿವೆ.

ನಮ್ಮ ದೊಡ್ಡಪ್ಪನ ಮಗ ಮೈಸೂರಿನ ಒಂದು ಗೃಹ ನಿರ್ಮಾಣ ಸಂಘದ ನಿರ್ದೇಶಕ. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವನು ತಾಳ್ಮೆಯಿಂದ ಕೇಳಿಸಿಕೊಂಡ. "ಕಥೆ ಚೆನ್ನಾಗಿದೆ ಕಣಮ್ಮ. ಆದರೆ ನಮ್ಮ ಆಡಳಿತ ಮಂಡಳಿ ಐದು ವರ್ಷಕ್ಕೊಮ್ಮೆ ಬದಲಾಗುತ್ತೆ. ನಾವು ಷರತ್ತು ಹಾಕ್ತೀವಿ, ಮುಂದೆ ಬಂದವರು ಬೈಲಾ ತಿದ್ದಿ ತೆಗೀತಾರೆ. ಆಗ ಯಾರು ಕೇಳೋರು?" ಎಂದ. ಭೂ ಟ್ರಸ್ಟುಗಳ ಮಂಡಳಿಯನ್ನು ಸಾಮಾನ್ಯವಾಗಿ ಮೂರು ಪಾಲು ಮಾಡಿ, ಒಂದನ್ನು ಆ ಮನೆಗಳಲ್ಲಿ ಇರುವವರಿಗೆ, ಇನ್ನೊಂದನ್ನು ಊರಿನ ಉಳಿದ ಸದಸ್ಯರಿಗೆ, ಮತ್ತೊಂದನ್ನು ಸಾರ್ವಜನಿಕ ಪ್ರತಿನಿಧಿಗಳಿಗೆ ಮೀಸಲಿಡುತ್ತಾರೆ, ಆದ್ದರಿಂದ ಒಂದೇ ಗುಂಪು ಸೇರಿ ನೆಲ ಮಾರಿಕೊಳ್ಳುವುದು ಸುಲಭವಲ್ಲ ಎಂದು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಡಾವಣೆ ಪೂರ್ತಿ ಆಗದ ಮಾತು. ಮೂಲೆಯ ನಾಲ್ಕು ಸೈಟು ಇನ್ನೂ ಹಂಚಿಲ್ಲ, ಅಷ್ಟಕ್ಕೆ ಮಹಾಸಭೆಯಲ್ಲಿ ಕೇಳಿ ನೋಡಬಹುದು. ಆ ಗುತ್ತಿಗೆ ಪತ್ರದ ಮಾದರಿ ಒಂದು ಕಳಿಸು, ನಮ್ಮ ಲಾಯರಿಗೆ ತೋರಿಸ್ತೀನಿ" ಎಂದ. ನೆರೆಯವಳನ್ನು ಕೇಳಿ, ಅವಳ ಹೆಸರು ಮತ್ತು ಲೆಕ್ಕಗಳಿದ್ದ ಪುಟಗಳನ್ನು ಬಿಟ್ಟು, ಉಳಿದದ್ದನ್ನು ಕಳಿಸಿದ್ದೇನೆ. ಮಹಾಸಭೆ ಮುಂದಿನ ತಿಂಗಳು.