ಈಗ ಎಷ್ಟಿದೆ?

ಸಂಚಿಕೆಗೆ ನಾಲ್ಕು ಮಾತು ಬರೆದು ಕೊಡಿ ಸಾರ್ ಎಂದು ನಿಮ್ಮ ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಕಪ್ಪು ಫೋನು.

1998ರಲ್ಲಿ ನಾನು ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಸುತ್ತಲ ಹಳ್ಳಿಯವರ ಬಾಯಲ್ಲಿ ಅದು ದೊಡ್ಡಾಸ್ಪತ್ರೆ. ಹೌಸ್ ಸರ್ಜನ್ ಅಂದರೆ ಹೆಸರಿಗೆ ಡಾಕ್ಟರು. ಕೆಲಸ ಮಾತ್ರ ರಕ್ತ ತೆಗೆಯುವುದು, ಅದನ್ನು ಲ್ಯಾಬಿಗೆ ಹೊತ್ತುಕೊಂಡು ಹೋಗುವುದು, ಕೇಸ್ ಶೀಟ್ ತುಂಬಿಸುವುದು. ಫೋನು ವಾರ್ಡಿನ ಆ ತುದಿಯಲ್ಲಿತ್ತು, ಸೀರಿಯಸ್ ಕೇಸುಗಳು ಈ ತುದಿಯಲ್ಲಿ.

ಒಂದು ರಾತ್ರಿ ನಂಜನಗೂಡು ಕಡೆಯ ಒಬ್ಬರಿಗೆ ಬಿ.ಪಿ. ಇಳಿಯುತ್ತಿತ್ತು. ಪಿ.ಜಿ., ಅಂದರೆ ಎಂ.ಡಿ. ಓದುತ್ತಿದ್ದ ಡಾಕ್ಟರು, ಇನ್ನೊಂದು ವಾರ್ಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹೆದರಿ ಚೀಫ್ ಮನೆಗೇ ಫೋನ್ ಹಚ್ಚಿದೆ. ಎಲ್ಲ ಕೇಳಿಸಿಕೊಂಡರು.

'ನಾಡಿ ಎಷ್ಟು?'

'ನೂರ ಹತ್ತು ಸಾರ್.'

'ಅದು ನೀನು ಬರೆದದ್ದು. ಈಗ ಎಷ್ಟಿದೆ?'

ರಿಸೀವರ್ ಮೇಜಿನ ಮೇಲಿಟ್ಟು ಓಡಿದೆ. ಗಡಿಯಾರ ನೋಡಿಕೊಂಡು ಎಣಿಸಿ, ವಾಪಸ್ ಓಡಿ ಬಂದೆ. ಅವರು ಲೈನಿನಲ್ಲೇ ಇದ್ದರು. ಕೋಪವಿಲ್ಲ, ಬೈಗುಳವಿಲ್ಲ. ಆಮೇಲೆ 'ಕೈ ತಣ್ಣಗಿದೆಯಾ?' ಎಂದರು. ಮತ್ತೆ ಓಡಿದೆ! ಆ ವರ್ಷ ನಾನು ಸಣ್ಣಗಾದದ್ದಕ್ಕೆ ಹಾಸ್ಟೆಲ್ ಊಟವೇ ಕಾರಣ ಅಂತ ಅಮ್ಮ ನಂಬಿದ್ದರು.

ಕ್ಷಯರೋಗಿಗಳ ಸ್ಯಾನಟೋರಿಯಂಗೆ ಡ್ಯೂಟಿ ಹಾಕಿದಾಗ ನಾನು ಗೊಣಗಿದ್ದೆ. ಅದಕ್ಕೆ ಚೀಫ್ ಎಂದರು, 'ಈ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ಕ್ಕೆ ಮೈಸೂರಿಗೆ ಬಂತು. ಕಾಲೇಜೇ ಗಂಟುಮೂಟೆ ಕಟ್ಟಿಕೊಂಡು ಬಂದಿದೆ. ನಿನ್ನದೇನಯ್ಯಾ?'

ಎಂ.ಡಿ. ಮೂರು ವರ್ಷ ಹೇಗೆ ಕಳೆಯಿತೋ ಗೊತ್ತಿಲ್ಲ. ಅದು ಮುಗಿದ ಮೇಲೆ ಮೊದಲು ಸೇರಿದ ಆಸ್ಪತ್ರೆಯಲ್ಲಿ ನಾನೊಬ್ಬನೇ ಫಿಸಿಶಿಯನ್. ಸೇರಿದ ವಾರವೇ ರಾತ್ರಿ ಹಾವು ಕಚ್ಚಿದ ಹುಡುಗನನ್ನು ಕರೆತಂದರು. ಹಾವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ತಿಳಿಯಲು ದೊಡ್ಡ ಮಿಷಿನ್ ಏನೂ ಬೇಕಿಲ್ಲ. ಒಣಗಿದ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಬಿಡಬೇಕು, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ಅಷ್ಟೇ. ಆದರೆ ಆ 20 ನಿಮಿಷ ಕೈಕಟ್ಟಿ ಕೂರುವುದಿದೆಯಲ್ಲ, ಅದು ಕಷ್ಟ.

ವಾಲಿಸಿದೆ. ರಕ್ತ ನೀರಿನ ಹಾಗೆ ಹರಿಯಿತು.

ನರ್ಸ್ ಆಗಲೇ ವಿಷನಿರೋಧಕದ 10 ವಯಲ್ ತೆಗೆದು ಸಾಲಾಗಿ ಇಟ್ಟಿದ್ದರು. ಆ ಔಷಧಿ ಜೀವ ಉಳಿಸುತ್ತದೆ, ನಿಜ. ಆದರೆ ಕೆಲವರಿಗೆ ಅದೇ ರಿಯಾಕ್ಷನ್ ಆಗಿ ಜೀವಕ್ಕೆ ಬರುತ್ತದೆ. ಸುಮ್ನೆ ಕೊಡುವಂಥದ್ದಲ್ಲ. ಅಭ್ಯಾಸಬಲದಿಂದ ಕೈ ಫೋನಿನತ್ತ ಹೋಯಿತು. ಯಾರಿಗೆ ಮಾಡುವುದು? ನನ್ನ ಮೇಲೆ ಯಾರೂ ಇರಲಿಲ್ಲ. ಕೇಸ್ ಶೀಟಿನ ಕೆಳಗೆ ಇರುವುದು ನನ್ನ ಸಹಿಯೇ, ಅಲ್ವಾ?

ಮತ್ತೆ ಹುಡುಗನ ಹತ್ತಿರ ಹೋದೆ. ಕಾಲು ಊದಿರಲಿಲ್ಲ. ವಸಡಿನಲ್ಲಿ ರಕ್ತವಿಲ್ಲ, ಸೂಜಿ ಚುಚ್ಚಿದ ಜಾಗದಲ್ಲೂ ಇಲ್ಲ. ರೆಪ್ಪೆ ಜೋತುಬಿದ್ದಿಲ್ಲ. ಹುಡುಗ ಬಿಸ್ಕತ್ತು ಕೇಳುತ್ತಿದ್ದ. ಟ್ಯೂಬು ಒಂದು ಹೇಳುತ್ತಿದೆ, ಹುಡುಗ ಇನ್ನೊಂದು. ನನ್ನ ತೋಳಿನಿಂದಲೇ ರಕ್ತ ತೆಗೆಸಿ, ಅದೇ ಸ್ಟ್ಯಾಂಡಿನ ಇನ್ನೊಂದು ಟ್ಯೂಬಿಗೆ ಹಾಕಿದೆ. ಹುಡುಗನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಇನ್ನೂ 20 ನಿಮಿಷ ಕೂತೆ. ಅವನ ಅಪ್ಪ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಈ ಡಾಕ್ಟರು ಯಾಕೆ ತನ್ನ ರಕ್ತ ತಾನೇ ನೋಡ್ತಾ ಕೂತಿದ್ದಾನೆ ಅಂತ ಅವರಿಗೆ ಅನ್ನಿಸಿರಬೇಕು.

ನನ್ನ ರಕ್ತವೂ ಹೆಪ್ಪುಗಟ್ಟಲಿಲ್ಲ.

ಟ್ಯೂಬುಗಳನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರು. ಅದರ ಅಂಶ ಗಾಜಿಗೆ ಅಂಟಿದ್ದರೆ ಯಾರ ರಕ್ತವೂ ಗಟ್ಟಿಯಾಗಲ್ಲ. ಹೊಸ ಟ್ಯೂಬಿನ ಪ್ಯಾಕೆಟ್ ಒಡೆದು ತಂದು ಮತ್ತೆ ಹಾಕಿದಾಗ ಹುಡುಗನ ರಕ್ತ ಚೆನ್ನಾಗಿಯೇ ಗಟ್ಟಿಯಾಯಿತು. ಆದರೂ 24 ಗಂಟೆ ಇಟ್ಟುಕೊಂಡು ನೋಡಿಯೇ ಮನೆಗೆ ಕಳಿಸಿದೆ.

ಈಗ ನಾನು ಸೀನಿಯರ್. ನನ್ನ ಹಿಂದೆ ರೌಂಡ್ಸಿಗೆ ಎಂಟು ಜನ ಬರುತ್ತಾರೆ. ಮೀಟಿಂಗು ಜಾಸ್ತಿ, ಸಹಿ ಜಾಸ್ತಿ, ಮಂಚದ ಪಕ್ಕ ಕೂರುವುದು ಕಡಿಮೆ. ಇದು ನನಗೆ ಇಷ್ಟವಿಲ್ಲದ ಬಡ್ತಿ.

ಹೋದ ತಿಂಗಳು ರಾತ್ರಿ ಎರಡೂವರೆಗೆ ಮೊಬೈಲ್ ಹೊಡೆದುಕೊಂಡಿತು. ಹೊಸದಾಗಿ ಸೇರಿದ ಪಿ.ಜಿ. ಹುಡುಗಿ. ಬಿ.ಪಿ., ಸಕ್ಕರೆ, ಆಕ್ಸಿಜನ್, ಎಲ್ಲ ಗಡಗಡ ಒಪ್ಪಿಸಿದಳು.

'ನಾಡಿ?'

'ತೊಂಬತ್ತೆಂಟು ಸಾರ್.'

'ಈಗ ಎಷ್ಟಿದೆ?'

ಆ ಕಡೆ ಮಾತಿಲ್ಲ. ಆಮೇಲೆ 'ಒಂದ್ನಿಮಿಷ ಸಾರ್' ಎಂದಳು. ಫೋನು ಕೋಟಿನ ಜೇಬಿಗೆ ಹೋಗಿರಬೇಕು. ಚಪ್ಪಲಿ ಸದ್ದು, ಪರದೆ ಸರಿಸಿದ ಸದ್ದು, 'ಅಜ್ಜಾ, ಕೈ ಕೊಡಿ' ಎಂದದ್ದು ಕೇಳಿಸಿತು. ಹಾಸಿಗೆಯ ಮೇಲೆ ಎದ್ದು ಕೂತು ನಾನು ಕಾದೆ.