ಕೈ ಸರಿಯಿದೆ, ಸೆಟ್ಟಿಂಗ್ ನೋಡಿ

ಶಿವಮೊಗ್ಗದ ಡಿಸೈನ್ ಅಂಗಡಿಗಳಲ್ಲಿ ಪೆನ್ ಟ್ಯಾಬ್ಲೆಟ್, ಅಂದರೆ ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಚಿತ್ರ ಬರೆಯುವ ಹಲಗೆ, ಈಗ ಅಪರೂಪದ ವಸ್ತುವೇನಲ್ಲ. ಆದರೆ ಎಷ್ಟೋ ಕಡೆ ಅದು ಮಾನಿಟರಿನ ಹಿಂದೆ ಧೂಳು ಹಿಡಿದು ಬಿದ್ದಿರುತ್ತದೆ. ಯಾಕೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ. "ಕೈ ಕೂರಲಿಲ್ಲ, ಮೌಸೇ ವಾಸಿ."

ಈ ಮಾತನ್ನು ನಾನು ಒಪ್ಪುವುದಿಲ್ಲ. ಲಗ್ನಪತ್ರಿಕೆ, ಜೇನು ಮತ್ತು ಉಪ್ಪಿನಕಾಯಿಯ ಲೇಬಲ್, ಮಕ್ಕಳ ಪುಸ್ತಕದ ಚಿತ್ರ, ನಾಟಕದ ಪೋಸ್ಟರ್, ಇದೇ ನನ್ನ ದಿನನಿತ್ಯದ ಕೆಲಸ. ಜೊತೆಗೆ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಅವರನ್ನೆಲ್ಲ ನೋಡಿ ನನಗೆ ಖಾತ್ರಿಯಾಗಿರುವ ವಿಷಯ ಇದು. ಪೆನ್ನು ಮಾತು ಕೇಳದಿದ್ದರೆ ಬಹಳಷ್ಟು ಸಲ ತೊಂದರೆ ಇರುವುದು ಸೆಟ್ಟಿಂಗಿನಲ್ಲಿ. ಅದನ್ನು ಯಾರೂ ತೆರೆದೇ ನೋಡಿರುವುದಿಲ್ಲ. ಸುಮ್ನೆ ಕೈಯನ್ನು ಬೈದುಕೊಂಡು ಬಿಟ್ಟುಬಿಡುತ್ತಾರೆ.

ಮೊದಲು ಮೌಸಿಗೂ ಪೆನ್ನಿಗೂ ಇರುವ ಮೂಲ ವ್ಯತ್ಯಾಸ ತಿಳಿದುಕೊಳ್ಳಬೇಕು. ಮೌಸು ತಾನು ಎಷ್ಟು ಸರಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಎತ್ತಿ ಬೇರೆ ಕಡೆ ಇಟ್ಟರೆ ಬಾಣ ಅಲ್ಲೇ ನಿಂತಿರುತ್ತದೆ. ಪೆನ್ನು ಹಾಗಲ್ಲ. ಟ್ಯಾಬ್ಲೆಟ್ಟಿನ ಎಡ ಮೇಲಿನ ಮೂಲೆ ಅಂದರೆ ಸ್ಕ್ರೀನಿನ ಎಡ ಮೇಲಿನ ಮೂಲೆ. ಪೆನ್ನನ್ನು ಎಲ್ಲಿ ಇಟ್ಟರೆ ಬಾಣ ಅಲ್ಲಿಗೇ ಹಾರುತ್ತದೆ. ವರ್ಷಗಟ್ಟಲೆ ಮೌಸು ಹಿಡಿದವರಿಗೆ ಇದು ಶುರುವಿನಲ್ಲಿ ಗಾಬರಿ ತರಿಸುತ್ತದೆ. "ಅಕ್ಕಾ, ಬಾಣ ಎಲ್ಲೆಲ್ಲೋ ಓಡ್ತಾ ಇದೆ" ಅಂತ ಎಲ್ಲರೂ ಕೂಗುತ್ತಾರೆ. ಆಗ ಕೆಲವರು ಡ್ರೈವರಿನಲ್ಲಿ, ಅಂದರೆ ಟ್ಯಾಬ್ಲೆಟ್ಟನ್ನು ನಡೆಸುವ ಸಾಫ್ಟ್‌ವೇರಿನಲ್ಲಿ, ಪೆನ್ನನ್ನೂ ಮೌಸಿನಂತೆ ಮಾಡುವ ಮೌಸ್ ಮೋಡ್ ಅಂತ ಇರುವುದನ್ನು ಆನ್ ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. ಆ ಹಾರುವ ಗುಣವೇ ಪೆನ್ನಿನ ಬಲ. ಕೈಗೆ ಜಾಗ ಒಮ್ಮೆ ಗೊತ್ತಾದರೆ ಕಣ್ಣು ಸ್ಕ್ರೀನ್ ಬಿಟ್ಟು ಕದಲುವುದಿಲ್ಲ.

ಅದಕ್ಕೆ ಮೊದಲು ಅಳತೆ ಸರಿಯಾಗಬೇಕು. ನಾನು ಎಲ್ಲರಿಗೂ ಮಾಡಿಸುವ ಪರೀಕ್ಷೆ ಒಂದಿದೆ. ಒಂದು ಗಾಜಿನ ಬಳೆ ತಂದು ಟ್ಯಾಬ್ಲೆಟ್ ಮೇಲೆ ಇಡಿ. ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಬಳೆಯ ಒಳಬದಿಗೆ ಪೆನ್ನಿನ ತುದಿ ತಾಗಿಸಿ ಒಂದು ಸುತ್ತು ಎಳೆಯಿರಿ. ಈಗ ಸ್ಕ್ರೀನ್ ನೋಡಿ. ದುಂಡಗೆ ಬಂದಿದ್ದರೆ ಸರಿ. ಅಡ್ಡಡ್ಡ ಉಬ್ಬಿದ್ದರೆ ಅಳತೆ ಕೆಟ್ಟಿದೆ.

ಕಾರಣ ಸರಳ. ಈಗಿನ ಹೆಚ್ಚಿನ ಮಾನಿಟರುಗಳ ಅಗಲ ಎತ್ತರದ ಅನುಪಾತ 16:9. ಎಷ್ಟೋ ಟ್ಯಾಬ್ಲೆಟ್ಟುಗಳದ್ದು 16:10. ಇಡೀ ಟ್ಯಾಬ್ಲೆಟ್ಟನ್ನು ಇಡೀ ಸ್ಕ್ರೀನಿಗೆ ಹೊಂದಿಸಿದರೆ ಪ್ರತಿಯೊಂದು ಸುತ್ತೂ ಸುಮಾರು ನೂರಕ್ಕೆ 11ರಷ್ಟು ಅಗಲವಾಗುತ್ತದೆ. ಎರಡು ಮಾನಿಟರ್ ಇಟ್ಟುಕೊಂಡು ಎರಡಕ್ಕೂ ಸೇರಿಸಿ ಹೊಂದಿಸಿದ್ದರಂತೂ ಅಗಲ ಎರಡು ಪಟ್ಟು ದಾಟುತ್ತದೆ. ನೀವು ಕೈಯಲ್ಲಿ ದುಂಡಗೆ ಬರೆಯುತ್ತೀರಿ, ಕಣ್ಣಿಗೆ ಮೊಟ್ಟೆಯಾಕಾರ ಕಾಣುತ್ತದೆ. ಕೈ ಅದನ್ನು ತಿದ್ದಲು ಹೋಗುತ್ತದೆ, ಮತ್ತೆ ಕೆಡುತ್ತದೆ. ಹತ್ತು ವರ್ಷ ಕಾಗದದ ಮೇಲೆ ಚೆನ್ನಾಗಿ ಚಿತ್ರ ಬರೆದವರೂ ಇಲ್ಲಿ ಸೋತುಹೋಗುತ್ತಾರೆ. ಡ್ರೈವರಿನಲ್ಲಿ ಅನುಪಾತ ಕಾಪಾಡುವ ಆಯ್ಕೆ ಇರುತ್ತದೆ, ಟ್ಯಾಬ್ಲೆಟ್ ಕಂಪನಿಯಾದ ವ್ಯಾಕಮ್‌ನಲ್ಲಿ ಅದಕ್ಕೆ ಫೋರ್ಸ್ ಪ್ರಪೋರ್ಷನ್ಸ್ ಅನ್ನುತ್ತಾರೆ. ಅದನ್ನು ಟಿಕ್ ಮಾಡಿ. ಟ್ಯಾಬ್ಲೆಟ್ಟಿನ ಕೆಳಗಿನ ಒಂದು ಪಟ್ಟಿ ಕೆಲಸಕ್ಕೆ ಬಾರದೆ ಹೋಗುತ್ತದೆ, ಹೋಗಲಿ. ಎರಡು ಮಾನಿಟರ್ ಇದ್ದರೆ ಒಂದಕ್ಕೆ ಮಾತ್ರ ಹೊಂದಿಸಿ.

ಇನ್ನೊಂದು ತೊಂದರೆ ಮೇಜಿನಿಂದ ಬರುತ್ತದೆ. ನಮ್ಮಲ್ಲಿ ಕಲಿಯಲು ಬಂದ ಹುಡುಗನೊಬ್ಬ ಮಲ್ಲಿಗೆಯ ಬಳ್ಳಿ ಬರೆಯುತ್ತಿದ್ದ. ನಿಧಾನವಾಗಿ ಎಳೆದ ಓರೆ ಗೆರೆಯೆಲ್ಲ ಸಣ್ಣಗೆ ಅಲೆಯಲೆಯಾಗಿ ಬರುತ್ತಿತ್ತು. "ಅಕ್ಕಾ, ನಾನು ಕೈ ಅಲ್ಲಾಡಿಸ್ತಾ ಇಲ್ಲ, ಗೆರೆ ತಾನಾಗೇ ನಡುಗ್ತಾ ಇದೆ" ಅಂದ. ಅವನು ಹೇಳಿದ್ದು ನಿಜ. ಅವನು ಕೂತಿದ್ದು ಪ್ರಿಂಟ್ ಬಂಡಲ್ ಇಡುವ ಕಬ್ಬಿಣದ ತಗಡಿನ ಮೇಜಿನ ಮುಂದೆ. ಪಕ್ಕದಲ್ಲೇ ಚಾರ್ಜಿಗೆ ಹಾಕಿದ ಫೋನು. ಈ ಪೆನ್ನಿಗೆ ಬ್ಯಾಟರಿ ಇಲ್ಲ ಅಲ್ವಾ? ಟ್ಯಾಬ್ಲೆಟ್ಟಿನ ಒಳಗೆ ತಂತಿಯ ಜಾಲ ಇರುತ್ತದೆ. ಅದು ಸಣ್ಣ ಕಾಂತಕ್ಷೇತ್ರ ಹೊರಡಿಸುತ್ತದೆ. ಪೆನ್ನಿನ ಒಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ತಾನೆಲ್ಲಿದ್ದೇನೆ, ಎಷ್ಟು ಒತ್ತಿದ್ದಾರೆ ಅಂತ ತಿರುಗಿ ಹೇಳುತ್ತದೆ. ಹತ್ತಿರ ಕಬ್ಬಿಣ, ಅಯಸ್ಕಾಂತ, ಚಾರ್ಜರ್ ಇದ್ದರೆ ಈ ಮಾತುಕತೆ ಕದಡಬಹುದು. ಫೋನ್ ದೂರ ಇಟ್ಟು, ಟ್ಯಾಬ್ಲೆಟ್ ಕೆಳಗೆ ದಪ್ಪನೆಯ ಮರದ ಹಲಗೆ ಹಾಕಿಕೊಟ್ಟೆ. ಗೆರೆ ನೆಟ್ಟಗಾಯಿತು. ಅವನ ಮುಖ ನೋಡಬೇಕಿತ್ತು!

ವಿಂಡೋಸ್ ಇರುವವರು ಇನ್ನೂ ಒಂದನ್ನು ಆಫ್ ಮಾಡಬೇಕು. ಪೆನ್ನು ಒತ್ತಿ ಹಿಡಿದರೆ ಸುತ್ತ ಒಂದು ಉಂಗುರ ಬಂದು ರೈಟ್ ಕ್ಲಿಕ್ ಆಗುತ್ತದಲ್ಲ, ಅದು. ಸಣ್ಣ ಗೆರೆಗಳನ್ನು ಅದು ನುಂಗಿಹಾಕುತ್ತದೆ. ಗೆರೆಯಲ್ಲಿ ಪ್ರೆಶರ್ ಬರುತ್ತಲೇ ಇಲ್ಲ, ಅಂದರೆ ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ ಅನ್ನುವವರು ಡ್ರೈವರಿನಲ್ಲಿರುವ ವಿಂಡೋಸ್ ಇಂಕ್ ಆಯ್ಕೆಯನ್ನು ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್ ಮಾಡಿ ನೋಡಿ. ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರೀಟಾದಲ್ಲಿ ಟ್ಯಾಬ್ಲೆಟ್ ಟೆಸ್ಟರ್ ಅಂತ ಒಂದು ಕಿಟಕಿಯೇ ಇದೆ, ಪೆನ್ನು ಏನು ಕಳಿಸುತ್ತಿದೆ ಅಂತ ಅಲ್ಲಿ ಕಾಣುತ್ತದೆ.

ಇನ್ನು ಪ್ರೆಶರ್ ವಿಷಯ. ಡಬ್ಬಿಯ ಮೇಲೆ 4096, 8192, ಈಗ 16384 ಹಂತ ಅಂತೆಲ್ಲ ಬರೆದಿರುತ್ತಾರೆ. ಆ ಸಂಖ್ಯೆ ನೋಡಿ ದುಡ್ಡು ಜಾಸ್ತಿ ಕೊಡಬೇಡಿ. 4096 ಇದ್ದರೂ ಯಾವ ಕೈಗೂ ಸಾಕು. ನೋಡಬೇಕಾದದ್ದು ಎಷ್ಟು ಹಗುರವಾಗಿ ತಾಗಿಸಿದರೆ ಗೆರೆ ಶುರುವಾಗುತ್ತದೆ ಅನ್ನುವುದನ್ನು. ಆಮೇಲೆ ಡ್ರೈವರಿನಲ್ಲಿ ಪ್ರೆಶರ್ ಕರ್ವ್ ಅನ್ನು, ಅಂದರೆ ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಅನ್ನುವ ಲೆಕ್ಕವನ್ನು, ನಿಮ್ಮ ಕೈಗೆ ಹೊಂದಿಸಿ. ಬೋರ್ಡ್ ಬರೆದು ಪಳಗಿದವರು ಒತ್ತಿ ಬರೆಯುತ್ತಾರೆ, ಅವರಿಗೆ ಗಟ್ಟಿ ಕರ್ವ್ ಬೇಕು. ಮೆಹಂದಿ ಹಾಕುವ ಹುಡುಗಿಯರದ್ದು ಹಗುರ ಕೈ, ಅವರಿಗೆ ಮೆತ್ತನೆಯದು. ಒಂದೇ ಕಂಪ್ಯೂಟರನ್ನು ಇಬ್ಬರು ಬಳಸುವ ಅಂಗಡಿಯಲ್ಲಿ ಒಬ್ಬರ ಕರ್ವ್ ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಬೆಳಿಗ್ಗೆ ಕೂತ ತಕ್ಷಣ ಇದನ್ನು ನೋಡುವುದು ನಮ್ಮಲ್ಲಿ ರೂಢಿ. ಸರಿಯಾಗಿ ಕೂತಿತೋ, ರಂಗೋಲಿ ಎಳೆ ಬಿಡುವಾಗ ಎಷ್ಟು ಪುಡಿ ಜಾರಬೇಕು ಅಂತ ಬೆರಳು ಯೋಚಿಸುವುದಿಲ್ಲವಲ್ಲ, ಹಾಗೆ ಕೈ ತನ್ನಷ್ಟಕ್ಕೆ ನಡೆಯುತ್ತದೆ.

ಪೆನ್ನಿನ ನಿಜವಾದ ಬೆಲೆ ತಿಳಿಯುವುದು ಕನ್ನಡ ಅಕ್ಷರ ಬರೆಯುವಾಗ. ಜೇನಿನ ಲೇಬಲ್ಲಿಗೆ "ಕಾಡುಜೇನು" ಅಂತ ಬರೆಯಬೇಕು ಅನ್ನಿ. ಅದರಲ್ಲಿ ಡು, ನು ಎರಡಕ್ಕೂ ಕೊಂಬು ಇದೆ. ಮೌಸಿನಲ್ಲಿ ಎಳೆದರೆ ಗೆರೆ ಉದ್ದಕ್ಕೂ ಒಂದೇ ದಪ್ಪ. ಆಮೇಲೆ ಒಂದೊಂದೇ ಕಡೆ ದಪ್ಪ ಸೇರಿಸಬೇಕು, ಕೊನೆಗೆ ಒಂದು ಕೊಂಬನ್ನೇ ಕಾಪಿ ಮಾಡಿ ಇನ್ನೊಂದು ಕಡೆ ಅಂಟಿಸಿಬಿಡುತ್ತಾರೆ. ನೋಡಿದ ಕೂಡಲೇ ಫಾಂಟ್ ಅನ್ನಿಸುತ್ತದೆ. ಪೆನ್ನಿನಲ್ಲಿ ಕೊಂಬು ಶುರುವಾಗುವ ಕಡೆ ಒತ್ತಿ, ಬಲಕ್ಕೆ ಬಾಗಿಸುತ್ತಾ ಕೈ ಸಡಿಲ ಬಿಟ್ಟರೆ ತುದಿ ತಾನಾಗಿ ಸಣ್ಣಗಾಗುತ್ತದೆ. ಎರಡು ಕೊಂಬೂ ತದ್ರೂಪ ಇರುವುದಿಲ್ಲ, ಆದರೆ ಎರಡೂ ಒಂದೇ ಕೈಯವು ಅಂತ ಗೊತ್ತಾಗುತ್ತದೆ. ಗ್ರಾಹಕರಿಗೆ ಬೇಕಾಗಿರುವುದು ಅದೇ.

ಒಂದು ಕಿವಿಮಾತು. ಅಕ್ಷರ ದೊಡ್ಡದಾಗಿ ಬರೆಯಿರಿ. ಮಣಿಕಟ್ಟು ಒಂದೇ ಆಡಿಸಬೇಡಿ, ಮೊಣಕೈಯಿಂದ ಎಳೆಯಿರಿ. ದುಂಡು ಒಂದು ದಿಕ್ಕಿಗೆ ಚೆನ್ನಾಗಿ ಬಂದು ಇನ್ನೊಂದು ದಿಕ್ಕಿಗೆ ಬಾರದಿದ್ದರೆ ಕ್ಯಾನ್ವಾಸನ್ನೇ ತಿರುಗಿಸಿ. ಕ್ರೀಟಾದಲ್ಲಿ 4 ಮತ್ತು 6 ಒತ್ತಿದರೆ ತಿರುಗುತ್ತದೆ, 5 ಒತ್ತಿದರೆ ಮೊದಲಿನಂತಾಗುತ್ತದೆ. ಗೆರೆ ನಯ ಮಾಡುವ ಸ್ಟೆಬಿಲೈಜರ್ ಇದೆ, ಒಳ್ಳೆಯದೇ. ಆದರೆ ಜಾಸ್ತಿ ಏರಿಸಿದರೆ ತಲಕಟ್ಟಿನ ಮೂಲೆ ಮೊಂಡಾಗುತ್ತದೆ.

ಸಾಗರ, ಸೊರಬದ ಕಡೆಯಿಂದ ಹಸೆ ಚಿತ್ತಾರ ಇರುವ ಲಗ್ನಪತ್ರಿಕೆ ಬೇಕು ಅಂತ ಬರುತ್ತಾರೆ. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಚಿತ್ತಾರ ಅದು. ಬಹುಪಾಲು ನೇರ ಎಳೆಗಳು, ಚೌಕ, ತ್ರಿಕೋನ. ನೇರ ಗೆರೆ ತಾನೇ, ಮೌಸಿನಲ್ಲಿ ಶಿಫ್ಟ್ ಒತ್ತಿ ಎಳೆದರಾಯಿತು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗೆ ಮಾಡಿದ್ದನ್ನು ಗೋಡೆಯ ಫೋಟೊ ಪಕ್ಕದಲ್ಲಿಟ್ಟು ನೋಡಿ. ಗೋಡೆಯ ಮೇಲಿನ ಎಳೆ ಕುಂಚ ಊರಿದ ಕಡೆ ತುಸು ದಪ್ಪ, ಹಿಟ್ಟು ಮುಗಿಯುವ ಕಡೆ ತುಸು ತೆಳು. ಎಳೆ ಎಳೆಯ ನಡುವಿನ ಜಾಗವೂ ಕೂದಲೆಳೆಯಷ್ಟು ಹೆಚ್ಚು ಕಡಿಮೆ. ಪೆನ್ನಿನಲ್ಲಿ ಪ್ರೆಶರನ್ನು ಗೆರೆಯ ದಪ್ಪಕ್ಕೆ ಸ್ವಲ್ಪವೇ ಸ್ವಲ್ಪ ಜೋಡಿಸಿ, ಒಂದೊಂದು ಎಳೆಯನ್ನೂ ಒಂದೇ ಉಸಿರಿಗೆ ಎಳೆದರೆ ಆ ಜೀವ ಉಳಿಯುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಮನೆಯ ಅಜ್ಜಿ ಪತ್ರಿಕೆ ಕೈಗೆತ್ತಿಕೊಂಡು ಬೆರಳಿನಿಂದ ಎಳೆ ಸವರಿ ನೋಡುತ್ತಾರೆ. ಅವರಿಗೆ ವ್ಯತ್ಯಾಸ ಗೊತ್ತಾಗದೆ ಇರುವುದಿಲ್ಲ.

ಹಾಗಂತ ಮೌಸನ್ನು ಎತ್ತಿಡಬೇಡಿ. ಸ್ಟಿಕರ್ ಕಟಿಂಗಿಗೆ ಹೋಗುವ ಫೈಲಿನಲ್ಲಿ ಮೌಸೇ ಮೇಲು. ಪೆನ್ನಿನಿಂದ ನೇರ ಡಿಸೈನ್ ಸಾಫ್ಟ್‌ವೇರ್ ಕೋರೆಲ್ ಡ್ರಾದಲ್ಲಿ ಎಳೆದರೆ ಒಂದು ಗೆರೆಗೆ ರಾಶಿ ನೋಡುಗಳು (node), ಅಂದರೆ ಗೆರೆಯನ್ನು ಹಿಡಿದಿಡುವ ಚುಕ್ಕೆಗಳು, ಹುಟ್ಟುತ್ತವೆ. ಕಟಿಂಗ್ ಮಷಿನ್ ಆ ಒಂದೊಂದು ಚುಕ್ಕೆಯಲ್ಲೂ ತಡವರಿಸಿ ಅಂಚು ಕಚ್ಚುಕಚ್ಚಾಗುತ್ತದೆ. ನಾವು ಮಾಡುವುದು ಹೀಗೆ. ಅಕ್ಷರವನ್ನು ಕ್ರೀಟಾದಲ್ಲಿ 600 ಡಿಪಿಐನಲ್ಲಿ ಪೆನ್ನಿನಿಂದ ಬರೆಯುತ್ತೇವೆ. ಅದನ್ನು ಕೋರೆಲ್‌ಗೆ ತಂದು ಟ್ರೇಸ್ ಮಾಡುತ್ತೇವೆ, ಅಂದರೆ ಚಿತ್ರವನ್ನು ಕತ್ತರಿಸಬಲ್ಲ ಗೆರೆಗಳಾಗಿ ಬದಲಾಯಿಸುತ್ತೇವೆ. ಆಮೇಲೆ ಮೌಸ್ ಹಿಡಿದು ಬೇಡದ ನೋಡುಗಳನ್ನು ತೆಗೆಯುತ್ತೇವೆ. ಕನ್ನಡ ಸಾಫ್ಟ್‌ವೇರ್ ನುಡಿಯಲ್ಲಿ ಟೈಪ್ ಮಾಡುವುದು, ಕಾಲಂ ಜೋಡಿಸುವುದು, ಟೇಬಲ್ ಹಾಕುವುದು, ಇದಕ್ಕೆಲ್ಲ ಪೆನ್ನು ಬೇಕಿಲ್ಲ.

ಇದು ಹೊಸ ಕಾಲದ ಶೋಕಿ ಅನ್ನುವ ಹಿರಿಯರಿಗೆ ನಾನು ಒಂದು ಮಾತು ಹೇಳುತ್ತೇನೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ 1963ರಲ್ಲೇ ಲೈಟ್ ಪೆನ್ನಿನಿಂದ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎಳೆದು ತೋರಿಸಿದ್ದರು. ಮೇಜಿನ ಮೇಲಿಟ್ಟು ಬರೆಯುವ ರ‍್ಯಾಂಡ್ ಟ್ಯಾಬ್ಲೆಟ್ ಬಂದದ್ದು 1964ರಲ್ಲಿ. ಮೌಸ್ ಕಂಡುಹಿಡಿದ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸನ್ನು ದೊಡ್ಡ ಸಭೆಯ ಮುಂದೆ ತೋರಿಸಿದ್ದು 1968ರ ಡಿಸೆಂಬರಿನಲ್ಲಿ. ಜನ ಪೆನ್ನನ್ನು ನೋಡಿದ್ದೇ ಮೊದಲು.

ಕೊಳ್ಳುವವರಿಗೆ ನನ್ನ ಅಭಿಪ್ರಾಯ ಇಷ್ಟು. ಶುರುವಿಗೆ ಪರದೆ ಇರುವ ದುಬಾರಿ ಟ್ಯಾಬ್ಲೆಟ್ ಬೇಡ. ಅದರ ಮೇಲೆ ಬಗ್ಗಿ ಬಗ್ಗಿ ಕತ್ತು ನೋಯುತ್ತದೆ, ಮೇಜಿನ ಜಾಗವೂ ಹೋಗುತ್ತದೆ. ಪರದೆ ಇಲ್ಲದ್ದರಲ್ಲಿ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾದರೂ ಕೆಲಸ ನಡೆಯುತ್ತದೆ. ಅಕ್ಷರದ ಕೆಲಸವೇ ಹೆಚ್ಚಿದ್ದರೆ ಮಧ್ಯಮ ಅಳತೆ ತೆಗೆದುಕೊಳ್ಳಿ, ಮೊಣಕೈ ಆಡಲು ಜಾಗ ಸಿಗುತ್ತದೆ. ಕ್ರೀಟಾ ಉಚಿತ, ಸಾಫ್ಟ್‌ವೇರಿಗೆ ದುಡ್ಡು ಹಾಕುವ ಅಗತ್ಯ ಇಲ್ಲ. ಅಭ್ಯಾಸಕ್ಕೆ ಚಿತ್ರ ಬರೆಯಲು ಹೋಗದೆ ಮೊದಲು ವರ್ಣಮಾಲೆ ಬರೆಯಿರಿ, ನಿಮ್ಮ ಸಹಿ ಹಾಕಿ. ಕೈಗೆ ಗೊತ್ತಿರುವುದನ್ನೇ ಬರೆದರೆ ಜಾಗದ ಅಂದಾಜು ಬೇಗ ಕೂರುತ್ತದೆ.

ಮಲೆನಾಡಿನ ಮಳೆಗಾಲಕ್ಕೆ ಬೇರೆಯೇ ತಯಾರಿ ಬೇಕು. ಜೂನ್ ಬಂತೆಂದರೆ ಗಾಳಿಯಲ್ಲೇ ತೇವ. ಅಂಗೈ ಬದಿ ಟ್ಯಾಬ್ಲೆಟ್ಟಿಗೆ ಅಂಟಿ ಉದ್ದ ಗೆರೆ ನಡುವೆ ತಡೆಯುತ್ತದೆ. ಕಿರುಬೆರಳು, ಉಂಗುರ ಬೆರಳು ಮಾತ್ರ ಮುಚ್ಚುವ ಗ್ಲೌಸ್ ಸಿಗುತ್ತದೆ, ಇಲ್ಲವಾದರೆ ಹಳೆಯ ಕಾಟನ್ ಕಾಲುಚೀಲ ಕತ್ತರಿಸಿ ಹಾಕಿಕೊಂಡರೂ ಸಾಕು. ನಿಬ್ಬಿನ ತುದಿ ಒಂದು ಕಡೆ ಚಪ್ಪಟೆಯಾಗಿ ಚೂಪು ಅಂಚು ಬಂದಿದ್ದರೆ ಆ ದಿನವೇ ಬದಲಾಯಿಸಿ, ಬಿಟ್ಟರೆ ಟ್ಯಾಬ್ಲೆಟ್ಟಿನ ಮೈ ಗೀರುತ್ತದೆ. ಗುಡುಗು ಕೇಳಿಸಿತೋ, ಫೈಲ್ ಸೇವ್ ಮಾಡಿ, ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಕರೆಂಟ್ ಹೇಳದೆ ಹೋಗುವ ಊರು ನಮ್ಮದು. ಯುಪಿಎಸ್ ಇದ್ದರೂ ಕ್ರೀಟಾದ ಆಟೋಸೇವ್ ಅನ್ನು ಐದು ನಿಮಿಷಕ್ಕೆ ಇಟ್ಟುಕೊಳ್ಳಿ.